ಮೂವತ್ತೆರಡರ ನಟ್ಟು

ಕಾರಿನ ರಿಪೇರಿ ಬಗ್ಗೆ ನಾನು ಬರೀತೀನಿ ಅಂದ್ರೆ ನನ್ನ ಹೆಂಡತಿ ನಗ್ತಾಳೆ. ನಗಲಿ ಬಿಡಿ. ಮೊನ್ನೆ ಗರಾಜು ಗುಡಿಸುವಾಗ ಮೂಲೆಯಲ್ಲಿ ತುದಿ ಮುರಿದ ಕಬ್ಬಿಣದ ಬಾರೊಂದು ಸಿಕ್ಕಿತು. ಎರಡು ಮನೆ ಬದಲಾಯಿಸಿದರೂ ಅದನ್ನು ಬಿಸಾಡಿಲ್ಲ ನೋಡಿ...

2009ರ ಅಕ್ಟೋಬರ್. ಆಗ ನಾವಿದ್ದದ್ದು ಕ್ಲೀವ್‌ಲ್ಯಾಂಡಿನಲ್ಲಿ. ಈರಿ ಸರೋವರದ ಪಕ್ಕದ ಊರು. ಚಳಿಗಾಲದಲ್ಲಿ ಹಿಮ ಕರಗಲಿ ಅಂತ ರಸ್ತೆಗೆ ಉಪ್ಪು ಸುರೀತಾರೆ, ಉಪ್ಪಿನಕಾಯಿ ಜಾಡಿಗೆ ಸುರಿದ ಹಾಗೆ. ನಮ್ಮ 2001ರ ಸಿವಿಕ್ ಅಂಥ ಎಂಟು ಚಳಿಗಾಲ ಕಂಡಿತ್ತು. ಗುಂಡಿಗೆ ಇಳಿದಾಗಲೆಲ್ಲ ಮುಂದಿನ ಎಡ ಚಕ್ರದಿಂದ ಟಕ್ ಟಕ್ ಸದ್ದು. ಕೆಳಗಿನ ಬಾಲ್ ಜಾಯಿಂಟ್ ಸವೆದಿದೆ ಅಂದ ವರ್ಕ್‌ಶಾಪಿನವನು. ಅವನು ಹೇಳಿದ ರೇಟು ನಮ್ಮ ಒಂದು ತಿಂಗಳ ಬಾಡಿಗೆಗೆ ಹತ್ತಿರ ಇತ್ತು. ಆಫೀಸಿನಲ್ಲಿ ವಾರಕ್ಕೊಬ್ಬರನ್ನು ಮನೆಗೆ ಕಳಿಸುತ್ತಿದ್ದ ಕಾಲ ಅದು. ನಾನೇ ಮಾಡ್ತೀನಿ ಅಂದುಬಿಟ್ಟೆ.

ಆ ಕಾರಿನಲ್ಲಿ ಬಾಲ್ ಜಾಯಿಂಟನ್ನು ನಕಲ್ ಅನ್ನೋ ದಪ್ಪ ಕಬ್ಬಿಣದ ತುಂಡಿಗೆ ಒತ್ತಿ ಕೂರಿಸಿರ್ತಾರೆ. ನಕಲ್ ಹೊರಗೆ ಬರಬೇಕಾದರೆ ಇಂಜಿನ್ನಿನಿಂದ ಬರುವ ಆಕ್ಸಲ್ ಹಬ್‌ನಿಂದ ಬಿಡಬೇಕು. ಆಕ್ಸಲ್ ತುದಿಯಲ್ಲಿ ಮೂವತ್ತೆರಡರ ಒಂದು ನಟ್ಟು. ಎಲ್ಲ ಅಲ್ಲೇ ನಿಂತಿತು! ಶನಿವಾರ ಬೆಳಗಿನಿಂದ ಮಧ್ಯಾಹ್ನದವರೆಗೆ ಎಳೆದೆ, ಒದ್ದೆ. ಕೊನೆಗೆ ಬಾರಿನ ಚೌಕದ ಮೂತಿ ಪಟಾರ್ ಅಂತ ಮುರಿದು ನನ್ನ ಮುಷ್ಟಿ ಫೆಂಡರಿಗೆ ಬಡಿಯಿತು. ನಟ್ಟು ಕೂದಲೆಳೆಯಷ್ಟೂ ಕದಲಿರಲಿಲ್ಲ.

ಅಪ್ಪ ಆಗ ಹಾಸನದಿಂದ ಬಂದಿದ್ದರು. ಮಂಕಿ ಟೋಪಿ ಹಾಕ್ಕೊಂಡು ಮೆಟ್ಟಿಲ ಮೇಲೆ ಕೂತು ಇದನ್ನೆಲ್ಲ ನೋಡ್ತಾ ಇದ್ದರು, ತುಟಿ ಪಿಟಕ್ಕೆನ್ನದೆ.

ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ನನಗೆ ಮಾತ್ರ ಒಂದು ದಿನವೂ ಸ್ಪ್ಯಾನರ್ ಮುಟ್ಟಲು ಬಿಡಲಿಲ್ಲ. "ಈ ಗ್ರೀಸು ನನಗೇ ಸಾಕು, ನೀನು ಓದ್ಕೋ." ನಾನೂ ಓದಿಕೊಂಡೆ. ಕಾಲೇಜಿನ ಅರ್ಜಿಗಳಲ್ಲಿ ತಂದೆಯ ಉದ್ಯೋಗ ಅನ್ನುವಲ್ಲಿ 'ಸರ್ಕಾರಿ ನೌಕರ' ಅಂತ ಬರೀತಿದ್ದೆ. ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಆ ಅರ್ಜಿಗಳಿಗೆ ಸಹಿ ಹಾಕ್ತಿದ್ದದ್ದು ಅವರೇ.

ನಾನು ಪಕ್ಕದ ಮನೆಯವನಿಂದ ಗ್ಯಾಸ್ ಟಾರ್ಚ್ ತಂದಾಗ ಎದ್ದು ಬಂದರು. "ಬೆಂಕಿ ಹಿಡೀಬೇಡ ಕಣೋ. ಒಳಗೆ ಬೇರಿಂಗಿದೆ, ಗ್ರೀಸ್ ಹಾಳಾಗುತ್ತೆ, ರಬ್ಬರ್ ಸುಡುತ್ತೆ."

ಕೂತು ನಟ್ಟಿನ ಅಂಚನ್ನು ಬೆರಳಿನಿಂದ ಸವರಿದರು. "ಇದರ ತುಟಿ ಎತ್ತಿದೆಯಾ?"

ನಟ್ಟು ತಾನಾಗಿ ಸಡಿಲ ಆಗದಿರಲಿ ಅಂತ ಅದರ ತೆಳು ಅಂಚನ್ನು ಆಕ್ಸಲ್ಲಿನ ಗಾಡಿಯೊಳಕ್ಕೆ ಬಡಿದು ಮಡಚಿರ್ತಾರೆ. ಯೂಟ್ಯೂಬಿನಲ್ಲಿ ನೋಡಿದ್ದೆ, ಮರೆತಿದ್ದೆ. ತುಕ್ಕು ಮುಚ್ಚಿಕೊಂಡು ಅಂಚು ಯಾವುದು ಗಾಡಿ ಯಾವುದು ಗೊತ್ತೇ ಆಗ್ತಿರಲಿಲ್ಲ. ಅಪ್ಪನ ಬೆರಳಿಗೆ ಗೊತ್ತಾಯಿತು.

ಉಳಿಯಿಂದ ಅಂಚು ಎತ್ತಿದರು, ತಂತಿ ಬ್ರಷ್ಷಿನಲ್ಲಿ ಉಜ್ಜಿದರು, ತುಕ್ಕು ಬಿಡಿಸುವ ಎಣ್ಣೆ ಬಿಟ್ಟರು. "ಇವತ್ತಿಗೆ ಸಾಕು. ನೆನೀಲಿ." ಆಮೇಲೆ ಏನೋ ನೆನಪಾಗಿ, "ಇದು ಉಲ್ಟಾ ಥ್ರೆಡ್ ಅಲ್ಲ ತಾನೇ? ನಮ್ಮ ಹಳೇ ಬಸ್ಸುಗಳಲ್ಲಿ ಎಡಗಡೆ ಚಕ್ರದ ನಟ್ಟು ಉಲ್ಟಾ ಇರ್ತಿತ್ತು." ಅಲ್ಲ ಅಂದೆ.

ಭಾನುವಾರ ಮುಕ್ಕಾಲು ಇಂಚಿನ ದಪ್ಪ ಬಾರ್ ಬಂತು, ಅದಕ್ಕೆ ತೂರಿಸಲು ಒಂದೂವರೆ ಮೀಟರ್ ಪೈಪ್. ಚಕ್ರ ನೆಲದ ಮೇಲೇ ಇರಲಿ, ಜಾಕಿ ಮೇಲಿರುವ ಕಾರಿನ ಹತ್ತಿರ ಇಷ್ಟು ಬಲ ಹಾಕಬಾರದು ಅಂದರು. "ಬ್ರೇಕ್ ಒತ್ತಿ ಹಿಡ್ಕೋಮ್ಮ" ಅಂತ ಸೊಸೆಗೆ ಹೇಳಿ, ಪೈಪನ್ನು ಕಾರಿನ ಮೂತಿಯ ಕಡೆಗೆ ಅಡ್ಡ ಇಟ್ಟರು. ನಾನು ಹಾರಲು ತಯಾರಾದೆ. "ಎಗರಬೇಡ್ವೋ! ಭಾರ ಹಾಕಿ ಸುಮ್ನೆ ನಿಂತ್ಕೋ."

ನಿಂತೆ. ಎಪ್ಪತ್ತು ಕೆಜಿ, ಒಂದೂವರೆ ಮೀಟರ್... ಲೆಕ್ಕ ಹಾಕಿದರೆ ಸಾವಿರ ನ್ಯೂಟನ್ ಮೀಟರ್ ಮೇಲೆ. ಆ ನಟ್ಟಿಗೆ ಪುಸ್ತಕದಲ್ಲಿ ಹೇಳಿದ್ದು ಬರೀ 181! ಉಳಿದದ್ದೆಲ್ಲ ಉಪ್ಪಿನ ಸಂಪಾದನೆ. ಮೂರು ನಾಲ್ಕು ಸೆಕೆಂಡ್ ಏನೂ ಇಲ್ಲ. ಆಮೇಲೆ ಪಟಾಕಿ ಹೊಡೆದ ಹಾಗೆ 'ಢಂ'. ಒಳಗಿಂದ ಇವಳು "ಅಯ್ಯೋ ಮಾವ!" ಅಂತ ಕಿರುಚಿದಳು. ನಾನು ಹುಲ್ಲಿನ ಮೇಲೆ ಬಿದ್ದಿದ್ದೆ. ಅಪ್ಪ ಮಾತ್ರ, "ಸಾಕು, ಇನ್ನು ತಿರುಗಿಸಬೇಡ, ಜಾಕಿ ಕೊಡು" ಅಂದರು. ನಟ್ಟು ಪೂರ್ತಿ ಸಡಿಲ ಬಿಟ್ಟು ಕಾರಿನ ಭಾರ ಹಾಕಿದರೆ ಬೇರಿಂಗ್ ಹಾಳಾಗುತ್ತಂತೆ.

ಆಮೇಲಿನದು ಸಲೀಸು. ಸ್ಟ್ಯಾಂಡ್ ಕೊಟ್ಟು ನಕಲ್ ಬಿಚ್ಚಿದೆವು, ಮಷೀನ್ ಶಾಪಿನಲ್ಲಿ ಹೊಸ ಜಾಯಿಂಟ್ ಒತ್ತಿಸಿ ತಂದೆವು.

ಹೊಸ ನಟ್ಟನ್ನು ಅಪ್ಪನೇ ಬಿಗಿ ಮಾಡಿದರು. ಕಾರು ಕೆಳಗಿಳಿಸಿ, ಎರಡೂ ಕೈಯಿಂದ, ಕಣ್ಣು ಮುಚ್ಚಿ. "ಕೈಗೆ ಗೊತ್ತಾಗುತ್ತೆ" ಅಂದರು. ನಾನು ಸುಮ್ಮನಿರಬಹುದಿತ್ತು. ಟಾರ್ಕ್ ವ್ರೆಂಚನ್ನು 181ಕ್ಕೆ ಇಟ್ಟು ಹಾಕಿದೆ. ಕ್ಲಿಕ್ ಬರಲಿಲ್ಲ. ನಟ್ಟು ತಿರುಗಿತು. ಇನ್ನೂ ತಿರುಗಿತು. ಹೆಚ್ಚು ಕಡಿಮೆ ಕಾಲು ಸುತ್ತು ಆದಮೇಲೆ ಕ್ಲಿಕ್ ಅಂತು.

ಅಪ್ಪ ನಟ್ಟನ್ನೇ ನೋಡ್ತಿದ್ದರು. "ಇಷ್ಟು ಬಂತಾ?" ಅಂದರು. ಏನು ಹೇಳಬೇಕೋ ತಿಳೀದೆ ವ್ರೆಂಚ್ ಒರೆಸ್ತಾ ಕೂತೆ. ಅವರು ಉಳಿ ತಗೊಂಡು ಎರಡು ಏಟಿಗೆ ಹೊಸ ನಟ್ಟಿನ ತುಟಿಯನ್ನು ಗಾಡಿಯೊಳಕ್ಕೆ ಮಡಚಿದರು, ಎದ್ದು ಕೈ ತೊಳೆಯಲು ಹೋದರು.

ಅಪ್ಪನಿಗೀಗ ಎಂಬತ್ತು ದಾಟಿದೆ. ಫೋನ್ ಮಾಡಿದಾಗ ಒಮ್ಮೊಮ್ಮೆ "ಆ ಕಾರು ಹೇಗಿದೆ?" ಅಂತಾರೆ. ಅದನ್ನು ಮಾರಿ ಎಷ್ಟೋ ವರ್ಷ ಆಯ್ತು. ಚೆನ್ನಾಗಿದೆ, ಸದ್ದಿಲ್ಲ ಅಂತೀನಿ.