ಗೆರೆಗಳಲ್ಲಿ ಉಳಿದ ಊರು

ಕಮ್ಮನಹಳ್ಳಿ, ಕಾಚರಕನಹಳ್ಳಿ, ಬಾಣಸವಾಡಿ, ನಾಗವಾರ... ಬೆಂಗಳೂರಿನ ಸರ್ವಜ್ಞನಗರದಲ್ಲಿ ಒಮ್ಮೆ ಸುತ್ತಾಡಿ ನೋಡಿ. ಹೆಸರುಗಳಲ್ಲಿ ಹಳ್ಳಿ ಇನ್ನೂ ಇದೆ, ಬೀದಿಗಳಲ್ಲಿ ಇಲ್ಲ.

ಕ್ಯಾಮೆರಾ ಹುಟ್ಟುವ ಮೊದಲಿನ ಈ ಸೀಮೆಯನ್ನು ಕಾಣಬೇಕೆಂದರೆ ತಾಮ್ರದ ತಗಡಿನಿಂದ ಅಚ್ಚೊತ್ತಿದ ಚಿತ್ರಗಳತ್ತ ಹೋಗಬೇಕು. ಬ್ರಿಟಿಷ್ ಸೇನೆಯ ಜೇಮ್ಸ್ ಹಂಟರ್ ಬರೆದ ಬೆಂಗಳೂರು, ಹೊಸೂರು, ಶ್ರೀರಂಗಪಟ್ಟಣದ ನೋಟಗಳು 1804-05ರಲ್ಲಿ ಲಂಡನ್‌ನಲ್ಲಿ 40 ಚಿತ್ರಗಳ ಪುಸ್ತಕವಾಗಿ ಬಂದವು. ಮೊಬೈಲ್‌ನಲ್ಲಿ ಹುಡುಕಿದರೂ ಇವು ಸಿಗುತ್ತವೆ.

ಇವನ್ನು ಮಾಡುವ ವಿಧಾನ ನಿಮಗೆ ಬೇಗ ಅರ್ಥವಾದೀತು. ತಗಡಿಗೆ ಮೇಣ ಬಳಿದು ಸೂಜಿಯಿಂದ ಗೆರೆ ಎಳೆಯುತ್ತಾರೆ. ಆಮ್ಲದಲ್ಲಿ ಮುಳುಗಿಸಿದಾಗ ಗೆರೆ ಇರುವಲ್ಲಿ ಮಾತ್ರ ತಾಮ್ರ ಕೊರೆಯುತ್ತದೆ. ಮೆಹಂದಿಯನ್ನು ಹೆಚ್ಚು ಹೊತ್ತು ಬಿಟ್ಟಷ್ಟೂ ಬಣ್ಣ ಏರುವುದಿಲ್ಲವೇ? ಇಲ್ಲೂ ಹಾಗೆಯೇ, ಆಮ್ಲದಲ್ಲಿ ಹೆಚ್ಚು ಹೊತ್ತು ಇದ್ದ ಗೆರೆ ಹೆಚ್ಚು ಕಪ್ಪು. ಆಕಾಶ, ನೆರಳು, ಮಂಜಿಗೆ ಗೆರೆ ಸಾಲದು. ಅದಕ್ಕೆ ರಾಳದ ಪುಡಿ ಉದುರಿಸಿ, ಕಾಯಿಸಿ, ಮತ್ತೆ ಆಮ್ಲಕ್ಕಿಡುತ್ತಾರೆ. ಆಗ ತೆಳು ಬೂದು ಛಾಯೆ ಮೂಡುತ್ತದೆ. ಇದಕ್ಕೆ ಅಕ್ವಾಟಿಂಟ್ ಎನ್ನುತ್ತಾರೆ.

ಚಿತ್ರ ಸಿಕ್ಕಾಗ ಅವಸರ ಬೇಡ. ಮೊದಲು ಗೆರೆಯನ್ನು ಹಿಂಬಾಲಿಸಿ. ಹತ್ತಿರದ ಗಿಡ, ಗೋಡೆಯ ಗೆರೆ ದಪ್ಪ. ದೂರದ ಬೆಟ್ಟದ ಗೆರೆ ನೂಲಿನಷ್ಟು ಸಣ್ಣ. ಆಮೇಲೆ ಛಾಯೆಯನ್ನು ನೋಡಿ. ಕೊನೆಗೆ, ಏನೂ ಬರೆಯದೆ ಬಿಟ್ಟ ಬಿಳಿ ಜಾಗವನ್ನು ನೋಡಿ. ಬಿಸಿಲು ಇರುವುದು ಅಲ್ಲೇ!

ಎಷ್ಟು ಶಾಂತವಾದ ಊರು ಎನಿಸುತ್ತದೆ. ಆದರೆ ಹಂಟರ್ ಇಲ್ಲಿಗೆ ಬಂದದ್ದು ಟಿಪ್ಪು ಸುಲ್ತಾನರ ವಿರುದ್ಧದ ಯುದ್ಧಕ್ಕೆ. 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಬಿತ್ತು. ಮರುವರ್ಷ ಹಂಟರ್ ಕೂಡ ತೀರಿಕೊಂಡರು. ಅವರ ಚಿತ್ರಗಳನ್ನು ಮುಂದಿಟ್ಟುಕೊಂಡು ತಗಡು ಕೊರೆದವರು ಬೇರೆ ಕೆತ್ತನೆಗಾರರು. ಅಂದರೆ ನಾವು ಮೆಚ್ಚುವ ಆ ತಿಳಿ ಆಕಾಶದಲ್ಲಿ ಎಷ್ಟು ಪಾಲು ನಮ್ಮ ಊರಿನದು, ಎಷ್ಟು ಪಾಲು ಲಂಡನ್ನಿನ ಕೈಚಳಕ?

ಚಿತ್ರ ಸುಂದರವಾಗಿದೆ, ಮೆಚ್ಚೋಣ. ಆದರೆ ಗೆದ್ದವರ ಕಣ್ಣು ಕಂಡದ್ದಷ್ಟೇ ಅದರಲ್ಲಿದೆ. ದಂಡು ಹಾದುಹೋದ ದಿನ ಒಲೆಗೆ ಸೌದೆ, ದನಕ್ಕೆ ಮೇವು ಹೊಂದಿಸಿದ ತಾಯಂದಿರ ಕಷ್ಟ ಅಲ್ಲಿ ಕಾಣುವುದಿಲ್ಲ. ಅದು ಉಳಿದಿದ್ದರೆ ಹಿರಿಯರ ಮಾತಿನಲ್ಲಿ. ನಿಮ್ಮ ಮನೆಯ ಅಜ್ಜಿಯನ್ನು ಕೇಳಿ, ಅವರು ಕಂಡ ಕೆರೆ, ಬಾವಿ, ಹೊಲಗಳ ಹೆಸರನ್ನಾದರೂ ಮಕ್ಕಳ ಕೈಯಲ್ಲಿ ಬರೆಸಿಡಿ.