ಎರಡು ‘ಕೂಲ್’ಗಳ ನಡುವೆ ನಮ್ಮ ಹೋಟಗಿ ಸ್ಟೇಷನ್

ಸೊಲ್ಲಾಪುರದಲ್ಲಿ ಏಪ್ರಿಲ್-ಮೇ ಅಂದರೆ ನಲವತ್ತು ಡಿಗ್ರಿ ದಾಟುವುದು ಮಾಮೂಲು. ಅದರಲ್ಲೂ ನಮ್ಮ ಮನೆಯ ಮೇಲಿನ ಕೋಣೆಗೆ ತಗಡಿನ ಚಾವಣಿ. ಆ ಕೋಣೆಯಲ್ಲೇ ನನ್ನ ಹೋಟಗಿ ಜಂಕ್ಷನ್ ಇದೆ! ಎಂಟಡಿ ಉದ್ದ, ನಾಲ್ಕಡಿ ಅಗಲದ ಪ್ಲೈವುಡ್ ಹಲಗೆಯ ಮೇಲೆ 1:87ರ ಅಳತೆಯಲ್ಲಿ ಕಟ್ಟಿದ್ದು. ಗದಗಿನ ಕಡೆ ಮೀಟರ್ ಗೇಜ್ ಗಾಡಿ ಓಡುತ್ತಿದ್ದ ಕಾಲದ ಹೋಟಗಿ ಅದು. ಈಗ ಆ ಹಾದಿ ಬ್ರಾಡ್ ಗೇಜ್ ಆಗಿದೆ. ವಿಜಯಪುರಕ್ಕೆ ಹೋಗಿ ಬರುವ ನಮ್ಮ ಮಂದಿಗೆ ಅನುಕೂಲವೇ ಆಯಿತು ಬಿಡಿ. ಆದರೆ ಅಪ್ಪ ಆ ಸಣ್ಣ ಹಳಿಯ ಮೇಲೆ ಪಾಯಿಂಟ್ಸ್‌ಮನ್ ಆಗಿ ದುಡಿದವರು. ಅವರಿಗೀಗ ಎಂಬತ್ತು ದಾಟಿದೆ, ಎರಡೂ ಕಣ್ಣಿನ ಪೊರೆ ತೆಗೆಸಿದೆ. ನಾನು ಶಾಲೆ ಮುಗಿಸಿ ಬರುವಷ್ಟರಲ್ಲಿ ಮೆಟ್ಟಿಲು ಹತ್ತಿ ಕೂತಿರುತ್ತಿದ್ದರು. ಹೋದ ಬೇಸಿಗೆಯಲ್ಲಿ ಮಾತ್ರ ಹತ್ತು ನಿಮಿಷಕ್ಕೇ ಕೆಳಗಿಳಿಯತೊಡಗಿದರು.

ತಗಡಿನ ಕಾವಿಗೆ ನಾನೇನು ಮಾಡಲಿ? ದೀಪದ ಕಾವಿಗಾದರೂ ಏನಾದರೂ ಮಾಡಬಹುದಿತ್ತು. ಅಲ್ಲಿದ್ದದ್ದು 60 ವ್ಯಾಟಿನ ನಾಲ್ಕು ಹಳೇ ಬಲ್ಬು. ಒಟ್ಟು 240 ವ್ಯಾಟ್. ಅದರಲ್ಲಿ ಬೆಳಕಾಗುವುದು ನೂರಕ್ಕೆ ಹತ್ತಕ್ಕಿಂತ ಕಡಿಮೆ, ಉಳಿದದ್ದೆಲ್ಲ ಬರೀ ಶಾಖ. ಸುಮ್ಮನೆ ಕೂತ ಒಬ್ಬ ಮನುಷ್ಯನ ಮೈಯಿಂದ ಹೊರಬರುವ ಶಾಖ ಸುಮಾರು 100 ವ್ಯಾಟ್ ಅನ್ನುತ್ತಾರೆ. ಅಂದರೆ ನಮ್ಮಿಬ್ಬರ ಜೊತೆ ಇನ್ನೂ ಎರಡೂವರೆ ಮಂದಿ ಆ ಕೋಣೆಯಲ್ಲಿ ಕೂತಂತಾಯಿತು. ಕರೆಂಟು ಹೋದರೆ ಇನ್ವರ್ಟರಿಗೂ ಅವರದೇ ಭಾರ.

ಅಂಗಡಿಗೆ ಹೋಗಿ “ಕಾವು ಕೊಡದ ದೀಪ ಬೇಕು” ಅಂದೆ. “ಇದ ತಗೋರಿ ಮಾಸ್ತರ್ರ, ಕೂಲ್ ಅಂತ ಮ್ಯಾಲೇ ಬರದೈತಿ” ಅಂತ ಡಬ್ಬಿ ತಿರುಗಿಸಿ ತೋರಿಸಿದ. ಬರೆದದ್ದು ನಿಜ. ಆದರೆ ಆ ‘ಕೂಲ್’ ಬೆಳಕಿನ ಬಣ್ಣದ ಹೆಸರು, ಕಾವಿನದಲ್ಲ. ಪಕ್ಕದಲ್ಲೇ 6500 ಕೆಲ್ವಿನ್ ಅಂತ ಇತ್ತು. ಕಮ್ಮಾರನ ಕುಲುಮೆ ನೋಡಿದವರಿಗೆ ಗೊತ್ತು, ಕಬ್ಬಿಣ ಕಾದಂತೆ ಮೊದಲು ಕೆಂಪು, ಆಮೇಲೆ ಹಳದಿ, ಆಮೇಲೆ ಬಿಳುಪು. ಹಳೇ ಬಲ್ಬಿನ ಹಳದಿ ಬೆಳಕು 2700ರ ಆಸುಪಾಸು. ಲೆಕ್ಕದ ಪ್ರಕಾರ ಹೆಚ್ಚು ಕಾದದ್ದರ ಬಣ್ಣಕ್ಕೇ ಜನ ‘ತಂಪು’ ಅನ್ನುತ್ತಾರೆ! ಎಂಟನೇ ತರಗತಿಯ ಮಕ್ಕಳಿಗೆ ಇದನ್ನು ಹೇಳಿದರೆ ಬಿದ್ದು ಬಿದ್ದು ನಗುತ್ತಾರೆ. ಕಾವು ಕಡಿಮೆ ಮಾಡುವುದು ಎಲ್‌ಇಡಿಯ ಗುಣ, ಅದರ ಬಣ್ಣ ಯಾವುದಾದರೂ ಇರಲಿ.

ನೋಡೋಣ ಅಂತ ಆ 6500ರದನ್ನೇ ಒಂದು ಸಂಜೆ ಹಚ್ಚಿದೆ. ನಮ್ಮ ಗಾಡಿಯ ಡಬ್ಬಿಗಳಿಗೆ ಹಳೇ ರೈಲಿನ ಆ ಕಡುಗೆಂಪು ಬಣ್ಣ ಬಳಿದಿದ್ದೇನೆ. ಅಪ್ಪ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, “ಇದು ನಮ್ಮ ಗಾಡಿ ಅಲ್ಲ ತಮ್ಮಾ, ಕಲ್ಲಿದ್ದಲ ಡಬ್ಬಿ ಕಂಡಂಗ ಕಾಣತೈತಿ” ಅಂದರು. ಅವರ ಕಣ್ಣಿನ ದೋಷವಲ್ಲ ಅದು. ದೀಪದ ಬೆಳಕಿನಲ್ಲಿ ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎಂಬುದಕ್ಕೆ ಸಿ.ಆರ್.ಐ. ಎಂಬ ಅಂಕ ಇದೆ. ಹಳೇ ಬಲ್ಬಿಗೆ ಹೆಚ್ಚುಕಡಿಮೆ 100, ಸಾಧಾರಣ ಎಲ್‌ಇಡಿಗೆ 80. ಆದರೆ ಆ ಅಂಕ ಎಂಟು ಪೇಲವ ಬಣ್ಣಗಳ ಸರಾಸರಿ. ಕಡುಗೆಂಪು ಆ ಎಂಟರಲ್ಲಿ ಇಲ್ಲವೇ ಇಲ್ಲ! ಅದಕ್ಕೆ ಆರ್-9 ಅಂತ ಬೇರೆ ಅಂಕ. ಎಂಬತ್ತು ಅಂಕ ಪಡೆದ ದೀಪ ಕೆಂಪಿನಲ್ಲಿ ನಾಪಾಸಾಗಿರಬಹುದು. ಡಬ್ಬಿಯ ಮೇಲೆ ಇದು ಬರೆದಿರುವುದು ಅಪರೂಪ. ಕೇಳಿ ತರಿಸಬೇಕು.

ಕೊನೆಗೆ ತರಿಸಿದ್ದು 4000 ಕೆಲ್ವಿನ್ನಿನ, ಸಿ.ಆರ್.ಐ. 90 ದಾಟಿದ, 12 ವೋಲ್ಟಿನ ಎಲ್‌ಇಡಿ ಪಟ್ಟಿ. ಮೀಟರಿಗೆ ಸುಮಾರು 14 ವ್ಯಾಟ್, ಎಂಟಡಿಗೆ 35ರ ಒಳಗೆ. ಎಲ್‌ಇಡಿ ಬಿಸಿಯಾಗುವುದೇ ಇಲ್ಲ ಅಂತಲ್ಲ. ಅದರ ಕಾವು ಬೆನ್ನಿಗಿರುತ್ತದೆ, ಆ ಕಾವು ಹೋಗದಿದ್ದರೆ ಬೇಗ ಮಂಕಾಗುತ್ತದೆ. ಅದಕ್ಕೆ ಅಲ್ಯುಮಿನಿಯಂ ಪಟ್ಟಿಗೆ ಅಂಟಿಸಿ, ನಾವು ನಿಂತು ನೋಡುವ ಬದಿಯಲ್ಲೇ ಮೇಲೆ ಒಂದು ಹಲಗೆಯ ಮರೆಯಲ್ಲಿ ಕಟ್ಟಿದೆ. ದೀಪ ಕಣ್ಣಿಗೆ ಕುಕ್ಕುವುದಿಲ್ಲ, ಬೆಳಕು ಮಾತ್ರ ಸ್ಟೇಷನ್ನಿನ ಮೇಲೆ ಬೀಳುತ್ತದೆ. ಹಚ್ಚುವ ಮೊದಲು ಮೊಬೈಲ್ ಕ್ಯಾಮೆರಾದಲ್ಲಿ ನೋಡಿ. ಪಟ್ಟೆ ಪಟ್ಟೆ ಓಡಿದರೆ ಆ ದೀಪ ಮಿಣುಕುತ್ತಿದೆ ಅಂತ ತಿಳಿಯಬಹುದು. ಅಂಥ ಬೆಳಕಿನಲ್ಲಿ ಓಡುವ ಎಂಜಿನ್ನಿನ ಗಾಲಿಯ ಕಡ್ಡಿಗಳು ಒಮ್ಮೊಮ್ಮೆ ನಿಂತಂತೆ, ಹಿಂದಕ್ಕೆ ತಿರುಗಿದಂತೆ ಕಾಣುತ್ತವೆ.

ಹಳಿಗಳ ನಡುವೆ ಸಂದು ಬಿಡುವುದನ್ನು ಮಾತ್ರ ಯಾವ ದೀಪವೂ ತಪ್ಪಿಸದು. ಎಂಟಡಿಯ ನಿಕಲ್ ಸಿಲ್ವರ್ ಹಳಿ ಇಪ್ಪತ್ತು ಡಿಗ್ರಿ ಏರಿದರೆ ಸುಮಾರು ಮುಕ್ಕಾಲು ಮಿಲಿಮೀಟರ್ ಹಿಗ್ಗುತ್ತದೆ. ಅಪ್ಪನಿಗೆ ಇದನ್ನು ನಾನೇನು ಹೇಳಿಕೊಡಲಿ!

ಈಗ ಸೂರ್ಯ ಮುಳುಗಿದ ಮೇಲೆ ಬಂದು ಒಂದು ತಾಸು ಕೂಡುತ್ತಾರೆ. ಡಬ್ಬಿಗಳ ಬಣ್ಣ ಪಾಸಾಗಿದೆ. ನಿನ್ನೆ ಹೊಸ ತಕರಾರು ಬಂತು. “ಸಿಗ್ನಲ್ ದೀಪ ಭಾಳ ಜೋರಾತು. ನಾವು ಹಚ್ಚತಿದ್ದದ್ದು ಚಿಮಣಿ ಎಣ್ಣಿ ದೀಪ.” ಭಾನುವಾರ ಅದಕ್ಕೆ ದೊಡ್ಡ ರೆಸಿಸ್ಟರ್ ಹಾಕಬೇಕು.