ರಾಗಿಯ ಸೀಮೆಯಲ್ಲಿ ಒಂದು ಚಿಟಿಕೆ ಗೋಧಿ

ಬೆಂಗಳೂರಿನಿಂದ ಯಲಹಂಕ, ರಾಜಾನುಕುಂಟೆ, ಮಾರಸಂದ್ರಗಳನ್ನು ದಾಟಿ ಉತ್ತರಕ್ಕೆ ಸಾಗಿದರೆ, ದೊಡ್ಡಬಳ್ಳಾಪುರ ಮುಟ್ಟುವುದಕ್ಕೆ ಸ್ವಲ್ಪ ಮುಂಚೆ ಬಾಶೆಟ್ಟಿಹಳ್ಳಿ ಸಿಗುತ್ತದೆ. ರಾಗಿ, ಅವರೆ, ಹುರುಳಿಯ ಹೊಲಗಳ ನಡುವೆ ಇದ್ದ ಈ ಹಳ್ಳಿಯನ್ನು ಕಳೆದ ಕೆಲವು ದಶಕಗಳಲ್ಲಿ ಕಾರ್ಖಾನೆಗಳು ಸುತ್ತುವರಿದವು. ಗ್ರಾಮ ಪಂಚಾಯಿತಿ ಇದ್ದದ್ದು ಪಟ್ಟಣ ಪಂಚಾಯಿತಿಯಾಯಿತು. ಪಾಳಿ ಮುಗಿಯುವ ಹೊತ್ತಿಗೆ ರಸ್ತೆಯ ತುಂಬ ಕನ್ನಡ, ತೆಲುಗು, ಹಿಂದಿ, ಒಡಿಯಾ ಮಾತುಗಳು ಕೇಳುತ್ತವೆ.

ಜನ ಬಂದಂತೆ ಅವರ ಊಟವೂ ಬಂತು. ಒಂದು ಮನೆಯಲ್ಲಿ ಮುದ್ದೆ ಬೇಯುತ್ತಿದ್ದರೆ ಪಕ್ಕದ ಬಾಡಿಗೆ ಕೋಣೆಯಲ್ಲಿ ಗೋಧಿ ರೊಟ್ಟಿ ಉಬ್ಬುತ್ತಿರುತ್ತದೆ. ಸಂಜೆಯಾದರೆ ತಳ್ಳುಗಾಡಿಗಳಲ್ಲಿ ಗೋಬಿ ಮಂಚೂರಿ, ಪಾನಿಪೂರಿ, ಪರೋಟ. ಹಸಿದು ಬಂದವರಿಗೆ ಇದೊಂದು ಹಬ್ಬ. ಆದರೆ ಗೋಧಿಯನ್ನು ಮುಟ್ಟಲೇಬಾರದೆಂದು ವೈದ್ಯರಿಂದ ಹೇಳಿಸಿಕೊಂಡ ಮಗುವಿಗೆ ಇದೇ ಬೀದಿ ಬೇರೆಯಾಗಿ ಕಾಣುತ್ತದೆ.

ಅಂಥ ಒಬ್ಬಳು ಹತ್ತನೇ ತರಗತಿಯ ಹುಡುಗಿ ಈ ಊರಿನಲ್ಲಿದ್ದಾಳೆ ಎಂದಿಟ್ಟುಕೊಳ್ಳಿ. ಅವಳಿಗೆ ಸೀಲಿಯಾಕ್ ಎಂಬ ಕಾಯಿಲೆ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಹೊಟ್ಟೆಗೆ ಹೋದರೆ, ಅವಳ ದೇಹದ ರಕ್ಷಣಾ ವ್ಯವಸ್ಥೆ ಅವಳದೇ ಸಣ್ಣ ಕರುಳಿನ ಒಳಪದರದ ಮೇಲೆ ಎರಗುತ್ತದೆ. ಆಹಾರದ ಸಾರವನ್ನು ಹೀರುವ ಪದರ ಸವೆಯುತ್ತದೆ. ಉಂಡದ್ದು ಮೈಗೆ ಹತ್ತುವುದಿಲ್ಲ. ರಕ್ತಹೀನತೆ, ಕುಂಠಿತ ಬೆಳವಣಿಗೆ, ಟೊಳ್ಳು ಮೂಳೆ ಒಂದೊಂದಾಗಿ ಹಿಂಬಾಲಿಸುತ್ತವೆ.

ಗ್ಲುಟೆನ್ ಎಂದರೇನೆಂದು ತಿಳಿಯಲು ಪ್ರಯೋಗಾಲಯ ಬೇಡ, ಯುಗಾದಿಯ ಅಡುಗೆಮನೆ ಸಾಕು. ಹೋಳಿಗೆಯ ಕಣಕವನ್ನು ನಾದಿ ನೆನೆಸಿಟ್ಟರೆ ಎಳೆದಷ್ಟೂ ಹಿಗ್ಗುತ್ತದೆ. ಆ ಹಿಗ್ಗುವ ಗುಣವೇ ಗ್ಲುಟೆನ್ ಕೊಟ್ಟದ್ದು. ರಾಗಿ ರೊಟ್ಟಿ ತಟ್ಟುವಾಗ ಅಂಚು ಬಿರಿಯುತ್ತದಲ್ಲ, ಅದಕ್ಕೆ ಕಾರಣ ರಾಗಿಯಲ್ಲಿ ಗ್ಲುಟೆನ್ ಇಲ್ಲದಿರುವುದು.

ಎರಡು ಅಭಾವಗಳ ಕಥೆ

ಈ ಕಾಯಿಲೆಯ ಲಕ್ಷಣಗಳನ್ನು ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ 1888ರಲ್ಲೇ ವಿವರಿಸಿದ್ದರು. ಕಾರಣ ಮಾತ್ರ ಬಹುಕಾಲ ತಿಳಿದಿರಲಿಲ್ಲ. ನೆದರ್ಲೆಂಡ್ಸಿನ ಹೇಗ್ ನಗರದ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ ಅವರಿಗೆ ಗೋಧಿಯ ಮೇಲೆ ಅನುಮಾನವಿತ್ತು. 1944-45ರ ಯುದ್ಧಕಾಲದ ಚಳಿಗಾಲದಲ್ಲಿ ಅಲ್ಲಿ ಭೀಕರ ಕ್ಷಾಮ ಬಂದು ಬ್ರೆಡ್ಡೇ ಇಲ್ಲವಾಯಿತು. ಎಲ್ಲರೂ ಸೊರಗುತ್ತಿದ್ದಾಗ ಸೀಲಿಯಾಕ್ ಇದ್ದ ಮಕ್ಕಳು ಮಾತ್ರ ಚೇತರಿಸಿಕೊಂಡರು. ಬ್ರೆಡ್ಡು ಮರಳಿ ಬಂದೊಡನೆ ಮತ್ತೆ ಹಾಸಿಗೆ ಹಿಡಿದರು. ಡಿಕೆ 1950ರಲ್ಲಿ ತಮ್ಮ ಸಂಶೋಧನೆಯನ್ನು ಮಹಾಪ್ರಬಂಧವಾಗಿ ಮಂಡಿಸಿದರು.

ಅದೇ ಮಹಾಯುದ್ಧದ ದಿನಗಳಲ್ಲಿ ಬೆಂಗಳೂರಿನಲ್ಲಿ ಅಕ್ಕಿಗೆ ಬರ ಬಂದು, ರವೆಯಿಂದ ಇಡ್ಲಿ ಮಾಡಿ ನೋಡಿದೆವು ಎಂದು ಎಂ.ಟಿ.ಆರ್. ಹೋಟೆಲಿನವರು ಹೇಳುತ್ತಾರೆ. ಒಂದು ಅಭಾವ ಗೋಧಿಯ ಗುಟ್ಟನ್ನು ಬಯಲು ಮಾಡಿತು. ಇನ್ನೊಂದು ಗೋಧಿಯನ್ನು ಇಡ್ಲಿಯ ತಟ್ಟೆಗೆ ತಂದಿತು. ಇಡ್ಲಿ ಎಂದೊಡನೆ ಅಕ್ಕಿಯದೇ ಎಂದು ನಂಬುವಂತಿಲ್ಲ ಎಂಬುದು ಬಾಶೆಟ್ಟಿಹಳ್ಳಿಯ ಆ ಹುಡುಗಿಗೆ ಮೊದಲ ಪಾಠ.

ನಮ್ಮ ಕಡೆಯವರಿಗೆ ಇಂಥ ಕಾಯಿಲೆ ಬರುವುದಿಲ್ಲ ಎನ್ನುವವರೂ ಉಂಟು. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ದೇಶದ ಮೂರು ಭಾಗಗಳ 23 ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿತು. ಉತ್ತರದಲ್ಲಿ ಸುಮಾರು 100 ಜನರಲ್ಲಿ ಒಬ್ಬರಿಗೆ, ದಕ್ಷಿಣದಲ್ಲಿ ಸುಮಾರು 10,000 ಜನರಲ್ಲಿ ಒಬ್ಬರಿಗೆ ಕಾಯಿಲೆ ಕಂಡುಬಂತು. ಆದರೆ ಅದಕ್ಕೆ ಎಡೆಮಾಡಿಕೊಡುವ ವಂಶವಾಹಿಗಳು ಎರಡೂ ಕಡೆ ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿದ್ದವು. ಎದ್ದು ಕಂಡ ವ್ಯತ್ಯಾಸ ಗೋಧಿ ತಿನ್ನುವ ಪ್ರಮಾಣದಲ್ಲಿತ್ತು. ಊಟ ಬದಲಾಗುತ್ತಿರುವ ಊರುಗಳು ಇದನ್ನು ನೆನಪಿಡಬೇಕು.

ಗಿರಣಿಯ ದಾರಿಯಲ್ಲಿ

ರಾಗಿಯ ಸೀಮೆಯಲ್ಲಿ ಹುಟ್ಟಿದ್ದು ಈ ಮಗುವಿನ ಭಾಗ್ಯವೇ ಸರಿ. ಮುದ್ದೆ, ಬಸ್ಸಾರು, ಅವರೆಕಾಳು ಸಾರು, ಅಕ್ಕಿ ರೊಟ್ಟಿ, ಸೊಪ್ಪಿನ ಪಲ್ಯ ಯಾವುದರಲ್ಲೂ ಸ್ವಭಾವತಃ ಗ್ಲುಟೆನ್ ಇಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಮೂಳೆ ಸವೆಯುವ ಭಯವಿರುವವರಿಗೆ ಇದು ಮನೆಬಾಗಿಲಿನ ಪೋಷಣೆ.

ತೊಡಕು ಇರುವುದು ರಾಗಿಯಲ್ಲಲ್ಲ, ಅದು ಹಿಟ್ಟಾಗಿ ಬರುವ ದಾರಿಯಲ್ಲಿ. ಹಿಟ್ಟಿನ ಗಿರಣಿಯಲ್ಲಿ ಒಬ್ಬರ ಗೋಧಿ ಬೀಸಿದ ಕಲ್ಲಿನಲ್ಲೇ ಇನ್ನೊಬ್ಬರ ರಾಗಿ ಬೀಸುತ್ತಾರೆ. ಕಲ್ಲಿನ ಸಂದಿಯಲ್ಲಿ, ಹಿಟ್ಟು ಇಳಿಯುವ ಬಟ್ಟೆಯಲ್ಲಿ ಉಳಿದ ಗೋಧಿ ಹಿಟ್ಟು ರಾಗಿಯ ಜೊತೆ ಡಬ್ಬಕ್ಕೆ ಬೀಳುತ್ತದೆ. ಕಣ್ಣಿಗೆ ಕಾಣದಷ್ಟು ಹಿಟ್ಟು ಏನು ಮಾಡೀತು ಎನ್ನಬಹುದು. 2007ರಲ್ಲಿ ಪ್ರಕಟವಾದ ಇಟಲಿಯ ಒಂದು ಅಧ್ಯಯನದಲ್ಲಿ, ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಮೂರು ತಿಂಗಳು ಹೊಟ್ಟೆಗೆ ಹೋದರೆ ಕರುಳಿಗೆ ಪೆಟ್ಟಾಗುವುದು ಕಂಡಿತು. ಸುಮಾರು ಅರ್ಧ ಗ್ರಾಂ ಗೋಧಿ ಹಿಟ್ಟಿನಲ್ಲೇ ಅಷ್ಟಿರುತ್ತದೆ. ಗ್ಲುಟೆನ್ ರಹಿತ ಎಂದು ಮಾರುವ ಆಹಾರದಲ್ಲಿ ಒಂದು ಕಿಲೋಗೆ 20 ಮಿಲಿಗ್ರಾಂ ಮೀರಬಾರದೆಂಬ ನಿಯಮ ಇರುವುದು ಇದಕ್ಕೇ.

ಆದ್ದರಿಂದ ಇಡೀ ರಾಗಿ ತಂದು, ಗೋಧಿ ಕಾಳು ಬೆರೆತಿದ್ದರೆ ಆರಿಸಿ, ತೊಳೆದು ಒಣಗಿಸಿ ಮನೆಯಲ್ಲೇ ಬೀಸಿಕೊಳ್ಳುವುದು ಒಳ್ಳೆಯದು. ಅಟ್ಟದ ಮೇಲೆ ಅಜ್ಜಿಯ ಬೀಸುವ ಕಲ್ಲು ಇದ್ದರೆ ಅದನ್ನು ಚೆನ್ನಾಗಿ ತೊಳೆದು ಮತ್ತೆ ಕೆಲಸಕ್ಕೆ ಹಚ್ಚಬಹುದು.

ಗೋಧಿ ವೇಷ ಮರೆಸಿಕೊಂಡು ಬರುವ ಜಾಗಗಳು ಇನ್ನೂ ಇವೆ. ಅಂಗಡಿಯ ಡಬ್ಬಿ ಇಂಗಿನಲ್ಲಿ ಅನೇಕ ವೇಳೆ ಗೋಧಿ ಹಿಟ್ಟು ಇಲ್ಲವೆ ಮೈದಾ ಬೆರೆತಿರುತ್ತದೆ. ಹಾಗಾಗಿ ಬರೀ ಬೇಳೆಯ ಸಾರೂ ಅನುಮಾನಕ್ಕೆ ಒಳಗಾಗುತ್ತದೆ. ಗೋಬಿ ಮಂಚೂರಿಯ ಹಿಟ್ಟಿನಲ್ಲಿ ಮೈದಾ, ಅದರ ಸೋಯಾ ಸಾಸಿನಲ್ಲಿ ಗೋಧಿ ಇರುವುದುಂಟು. ಕೋಡುಬಳೆ, ನಿಪ್ಪಟ್ಟುಗಳಿಗೆ ಗರಿಗರಿಯಾಗಲೆಂದು ರವೆ, ಮೈದಾ ಸೇರಿಸುತ್ತಾರೆ. ಪೂರಿ ಕರಿದ ಎಣ್ಣೆಯಲ್ಲೇ ಹಪ್ಪಳ ಕರಿಯುತ್ತಾರೆ. ಚಪಾತಿ ಬೇಯಿಸಿದ ಹೆಂಚಿನ ಮೇಲೆ ದೋಸೆ ಹುಯ್ಯುತ್ತಾರೆ. ರಾಗಿ ಮಾಲ್ಟ್ ರಾಗಿಯದಾದರೂ ಹಾಲಿಗೆ ಬೆರೆಸುವ ಎಷ್ಟೋ ಪುಡಿಗಳು ಬಾರ್ಲಿ, ಗೋಧಿಯ ಮಾಲ್ಟಿನಿಂದಾದವು.

ಎಲ್ಲಕ್ಕಿಂತ ಕಷ್ಟದ್ದು ಪ್ರೀತಿಯ ಕೈ. ಪಕ್ಕದ ಮನೆಯ ಪೂಜೆಯಲ್ಲಿ ಸಜ್ಜಿಗೆ ಹಂಚುವಾಗ, "ಒಂದೇ ಒಂದು ತುತ್ತು ಮಗಳೇ, ದೇವರ ಪ್ರಸಾದ ಬೇಡ ಅನ್ಬಾರ್ದು" ಎಂದರೆ ಮಗು ಏನು ಹೇಳಬೇಕು? "ನಂಗೆ ಡಾಕ್ಟ್ರು ಗೋಧಿ ಬೇಡ ಅಂದಿದಾರೆ ಆಂಟಿ, ಬಾಳೆಹಣ್ಣು ಕೊಡಿ" ಎಂದು ಕೈ ಮುಗಿಯುವುದನ್ನು ಮನೆಯಲ್ಲೇ ಅಭ್ಯಾಸ ಮಾಡಿಸಿರಬೇಕು.

ಆಗಿಹೋದ ಮೇಲೆ

ಎಷ್ಟು ಎಚ್ಚರವಿದ್ದರೂ ಒಂದು ದಿನ ತಪ್ಪುತ್ತದೆ. ಗೆಳತಿಯ ಹುಟ್ಟುಹಬ್ಬದ ತಟ್ಟೆಯಲ್ಲೋ ಮದುವೆಯ ಪಂಕ್ತಿಯಲ್ಲೋ ಗೋಧಿ ಒಳಗೆ ಹೋಗಿಬಿಡುತ್ತದೆ. ಕೆಲವರಿಗೆ ಕೆಲವೇ ಗಂಟೆಗಳಲ್ಲಿ, ಕೆಲವರಿಗೆ ಮರುದಿನ, ಹೊಟ್ಟೆ ಉಬ್ಬರ, ನೋವು, ವಾಂತಿ, ಭೇದಿ, ತಲೆನೋವು, ಸುಸ್ತು. ಓದಿದ್ದು ತಲೆಗೆ ಹೋಗದಂಥ ಮಂಕು. ಇನ್ನು ಕೆಲವರಿಗೆ ಏನೂ ಅನ್ನಿಸುವುದಿಲ್ಲ. ಆದರೂ ಒಳಗೆ ಪೆಟ್ಟು ಬೀಳಬಹುದು.

ತಿಂದದ್ದನ್ನು ಹಿಂದಕ್ಕೆ ತರುವ ಔಷಧಿ ಇಲ್ಲ. ಬಲವಂತವಾಗಿ ವಾಂತಿ ಮಾಡಿಸುವುದಾಗಲಿ, ಭೇದಿಗೆ ಕೊಡುವುದಾಗಲಿ, ಉಪವಾಸ ಕೆಡವುವುದಾಗಲಿ ಸಲ್ಲದು. ನೀರು ಚೆನ್ನಾಗಿ ಕುಡಿಯಬೇಕು. ಭೇದಿಯಾಗಿದ್ದರೆ ಓ.ಆರ್.ಎಸ್. ಕೊಡಬೇಕು. ಅಕ್ಕಿ ಗಂಜಿ, ಇಂಗಿಲ್ಲದ ತಿಳಿಸಾರು ಅನ್ನ, ಬಾಳೆಹಣ್ಣಿನಂಥ ಹಗುರ ಆಹಾರ ಸಾಕು. ಹಾಲು ಕೆಲವರಿಗೆ ನಾಲ್ಕಾರು ದಿನ ಒಗ್ಗದಿರಬಹುದು. ನಿದ್ದೆ, ವಿಶ್ರಾಂತಿ ಬೇಕು. ನೀರು ಕೂಡ ನಿಲ್ಲದಂತೆ ವಾಂತಿಯಾದರೆ, ಮೂತ್ರ ಕಡಿಮೆಯಾದರೆ, ಮಲದಲ್ಲಿ ರಕ್ತ ಕಂಡರೆ, ದಿನಗಳು ಕಳೆದರೂ ಇಳಿಯದಿದ್ದರೆ ವೈದ್ಯರಲ್ಲಿಗೆ ಹೋಗಬೇಕು. ಗೋಧಿಯ ಅಲರ್ಜಿ ಎಂಬುದು ಬೇರೆಯೇ ಕಾಯಿಲೆ. ಅದರಲ್ಲಿ ಉಸಿರು ಕಟ್ಟಿದರೆ, ಮುಖ ಊದಿಕೊಂಡರೆ ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು.

"ಹೇಗೂ ಇವತ್ತು ಕೆಟ್ಟಿತು, ಇನ್ನೊಂದು ಪೂರಿ ತಿಂದರೇನು" ಎಂಬ ಯೋಚನೆ ತಪ್ಪು. ಮುಂದಿನ ಊಟದಿಂದಲೇ ಪಥ್ಯಕ್ಕೆ ಮರಳಬೇಕು. ಎಂದೋ ಒಮ್ಮೆ ಬಿದ್ದ ಪೆಟ್ಟಿನಿಂದ ಕರುಳು ಚೇತರಿಸಿಕೊಳ್ಳುತ್ತದೆ. ಮೇಲಿಂದ ಮೇಲೆ ಬೀಳುವ ಪೆಟ್ಟನ್ನು ತಾಳಲಾರದು. ಒಂದು ನೋಟ್ ಪುಸ್ತಕದಲ್ಲಿ ಯಾವ ದಿನ, ಎಲ್ಲಿ, ಏನು ತಿಂದದ್ದು ಎಂದು ಬರೆದಿಟ್ಟರೆ ಗೋಧಿ ಎಲ್ಲಿಂದ ನುಸುಳುತ್ತಿದೆ ಎಂಬುದು ಒಂದೆರಡು ತಿಂಗಳಲ್ಲಿ ತಾನಾಗಿ ಗೊತ್ತಾಗುತ್ತದೆ. ವೈದ್ಯರು ಹೇಳಿದಾಗ ರಕ್ತ ಪರೀಕ್ಷೆಗೂ ತಪ್ಪದೆ ಹೋಗಬೇಕು.

ತಂದೆತಾಯಿಗಳಿಗೆ ಎರಡು ಮಾತು. ಮಗುವಿಗೆ ಈ ಕಾಯಿಲೆಯ ಶಂಕೆ ಇದ್ದರೆ ಪರೀಕ್ಷೆಗೆ ಮೊದಲೇ ಗೋಧಿ ಬಿಡಿಸಬೇಡಿ. ಬಿಡಿಸಿದರೆ ಪರೀಕ್ಷೆಯಲ್ಲಿ ಕಾಯಿಲೆ ಕಾಣದೆ ಹೋಗಬಹುದು. ಎರಡನೆಯದು, ಮಗು ತಪ್ಪಿ ತಿಂದು ಬಂದಾಗ ಬೈಯಬೇಡಿ. ಬೈಸಿಕೊಂಡ ಮಗು ಮುಂದಿನ ಸಲ ಹೊಟ್ಟೆನೋವನ್ನು ಮುಚ್ಚಿಡುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕದ ಮುಂದೆ ಮುದುಡಿ ಕೂತವಳು, ಬೇಕರಿಯ ಪಫ್ಸ್ ತಿಂದೆ ಎಂದು ಅಮ್ಮನಿಗೆ ಹೇಳಲು ಹೆದರುವಂತಾದರೆ ಪಥ್ಯವೇ ಸೋತಂತೆ.

ಬಾಶೆಟ್ಟಿಹಳ್ಳಿಯ ಬೀದಿ ಮತ್ತೆ ಹಳೆಯ ಹೊಲವಾಗುವುದಿಲ್ಲ, ಗೋಧಿ ರೊಟ್ಟಿ ತಂದವರೂ ಈಗ ಇಲ್ಲಿಯವರೇ. ಅವರ ಮಕ್ಕಳಲ್ಲಿಯೂ ಈ ಕಾಯಿಲೆ ಇರುವವರಿದ್ದರೆ, ಅವರಿಗೆ ರೊಟ್ಟಿಯ ಬದಲು ಕೈಯಲ್ಲಿಡಲು ಈ ಸೀಮೆಯಲ್ಲಿ ಒಂದು ಮುದ್ದೆ ಇದೆ. ಅದು ಬೇರೆ ಕಲ್ಲಿನಲ್ಲಿ ಬೀಸಿದ ಹಿಟ್ಟಿನದಾಗಿರಬೇಕು, ಅಷ್ಟೆ.